ಒಡೆದ ಗಾಜಿಗೆ ಜಾಗವಿಲ್ಲದ ಕರಪತ್ರ

೧೯೮೪ರಲ್ಲಿ ನಾನು ಆಗಿನ ಧಾರವಾಡ ಜಿಲ್ಲೆಯ ಒಂದು ಸಣ್ಣ ಪುರಸಭೆಯಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವ ಬಸ್ಸುಗಳು ಹಾದುಹೋಗುವ ಊರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪ್ರಕರಣದಲ್ಲಿ ತಪ್ಪು ಮಾಡಿದವರ ಪಟ್ಟಿ ಬರೆದರೆ ಮೊದಲ ಹೆಸರು ನನ್ನದೇ. ಆದರೆ ಉಳಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ.

ಸ್ಯಾನಿಟರಿ ಇನ್ಸ್‌ಪೆಕ್ಟರ್ ಎಂದರೆ ಊರಿನ ಗಟಾರು, ಕಸ, ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಹೋಟೆಲಿನ ಅಡುಗೆಮನೆ ನೋಡುವುದು, ಇಷ್ಟಕ್ಕೂ ಹೊಣೆಗಾರ. ಊರ ಹೊರಗೆ ನಮ್ಮದೊಂದು ಕಾಂಪೋಸ್ಟ್ ಯಾರ್ಡ್ ಇತ್ತು. ಮನೆಗಳ ಕಸ, ದನದ ಸಗಣಿ, ಒಲೆಯ ಬೂದಿ ಎಲ್ಲವನ್ನೂ ಅಲ್ಲಿನ ಗುಂಡಿಗಳಲ್ಲಿ ಪದರ ಪದರವಾಗಿ ಹಾಕಿ ಮುಚ್ಚಿದರೆ ಕೆಲವು ತಿಂಗಳಲ್ಲಿ ಕೊಳೆತು ಕರಿಯ ಗೊಬ್ಬರವಾಗುತ್ತಿತ್ತು. ಸುತ್ತಲಿನ ಹಳ್ಳಿಯ ರೈತರು ಚಕ್ಕಡಿ ಕಟ್ಟಿಕೊಂಡು ಬಂದು ಒಯ್ಯುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಡೋಣಿಯ ಕಡೆಯ ರೈತರೊಬ್ಬರು ಕಚೇರಿಗೆ ಬಂದು, ಟವೆಲ್ಲಿನಲ್ಲಿ ಕಟ್ಟಿ ತಂದಿದ್ದನ್ನು ಚೀಫ್ ಆಫೀಸರ ಮೇಜಿನ ಮೇಲೆ ಸುರುವಿದರು. ತುಕ್ಕು ಹಿಡಿದ ಬ್ಲೇಡು, ಡಬ್ಬಿಯ ಮುಚ್ಚಳ, ಗಾಜಿನ ಚೂರುಗಳು.

“ಇದು ನಿಮ್ಮ ಗೊಬ್ಬರದಾಗ ಸಿಕ್ಕದ್ದು. ನನ್ನ ಎತ್ತು ಮೂರು ಕಾಲಾಗ ನಿಂತೈತಿ. ನಾ ಹೊಲಾ ಹ್ಯಾಂಗ ಹರಗ್ಲಿ?” ಎಂದು ಕೇಳಿದರು.

ಅವರು ಹೋದ ಮೇಲೆ ಚೀಫ್ ಆಫೀಸರು ನನ್ನನ್ನು ಕರೆದು, ಕಸವನ್ನು ಮನೆಯಲ್ಲಿಯೇ ಎರಡು ಮಾಡಿಸಬೇಕು, ಗುಂಡಿಗೆ ಹೋಗುವುದು ಬೇರೆ, ಗುಜರಿಯವನಿಗೆ ಹೋಗುವುದು ಬೇರೆ, ಮೊದಲು ಒಂದು ಓಣಿಯಲ್ಲಿ ಪ್ರಯೋಗ ಮಾಡಿ ಎಂದರು. ಇಂದು ಇದು ಎಲ್ಲರಿಗೂ ಗೊತ್ತಿರುವ ಮಾತು. ಆಗ ನಮ್ಮ ಸುತ್ತಮುತ್ತ ಯಾರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕೇಳೋಣವೆಂದರೆ ಕೇಳಲು ಒಬ್ಬರೂ ಇರಲಿಲ್ಲ.

ನಾನು ಆರಿಸಿಕೊಂಡದ್ದು ಮಗ್ಗದ ಓಣಿ. ಅರವತ್ತೆರಡು ಮನೆ. ಹೆಚ್ಚಿನವು ನೇಕಾರರವು, ನಡುನಡುವೆ ಮುಸಲ್ಮಾನರ ಮನೆಗಳು. ನಾನೂ ಬೆಟಗೇರಿಯ ನೇಕಾರ ಮನೆತನದಲ್ಲಿ ಹುಟ್ಟಿದವನು. ಮಗ್ಗದ ಸಪ್ಪಳ ಕೇಳುವ ಓಣಿಯ ಜನ ನನ್ನ ಮಾತು ಬೇಗ ತಿಳಿಯುತ್ತಾರೆ ಎಂಬ ಧೈರ್ಯವಿತ್ತು. ಅಲ್ಲಿ ಕಸ ಎತ್ತುತ್ತಿದ್ದವಳು ದುರ್ಗವ್ವ. ಇಂದು ಪೌರಕಾರ್ಮಿಕರು ಎನ್ನುತ್ತೇವೆ. ಆಗ ನಮ್ಮ ಹಾಜರಿ ಪುಸ್ತಕದಲ್ಲಿ ಆ ಹುದ್ದೆಗೆ ಝಾಡಮಾಲಿ ಎಂದಿತ್ತು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳ ತಳ್ಳುಗಾಡಿಯಲ್ಲಿ ನಡುವೆ ತಗಡು ಹೊಡೆಸಿ ಎರಡು ಖಾನೆ ಮಾಡಿಸಿದೆ. ಪ್ರತಿ ಮನೆಯವರು ಒಂದು ಹಳೆಯ ಬಕೆಟ್ಟು, ಒಂದು ಬುಟ್ಟಿಯನ್ನು ಬೆಳಿಗ್ಗೆ ಕಟ್ಟೆಯ ಮೇಲೆ ಇಡಬೇಕು. ಹಸಿ ಕಸ ಬಕೆಟ್ಟಿಗೆ, ಒಣ ಕಸ ಬುಟ್ಟಿಗೆ. ಹೀಗೆಂದು ಅರ್ಧ ಹಾಳೆಯ ಕರಪತ್ರವನ್ನು ನಾನೇ ಬರೆದು, ಅಚ್ಚು ಹಾಕಿಸಿ, ನಾನೇ ಹಂಚಿದೆ. ಯಾಕೆ ಬೇರೆ ಮಾಡಬೇಕು ಎಂಬುದನ್ನು ಬರೆಯಲಿಲ್ಲ. ಅರ್ಧ ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.

ಮೊದಲ ದಿನ ದುರ್ಗವ್ವನ ಜೊತೆ ನಾನೂ ಹೋದೆ. ಮೊದಲನೆಯ ಮನೆಯಲ್ಲಿಯೇ ನಿಂತುಬಿಟ್ಟೆ. ಬುಟ್ಟಿಯ ತುಂಬ ಬೇವಿನ ಎಲೆ.

“ಅವ್ವಾ, ಎಲಿ ಹಸಿ ಬಕೆಟ್ಟಿಗೆ ಹಾಕಬೇಕಲ್ಲ?” ಎಂದೆ.

“ಒಣಗ್ಯಾವಲ್ರಿ ಸಾಹೇಬ್ರ. ಮುಟ್ಟಿ ನೋಡ್ರಿ, ಚರಚರ ಅಂತಾವು,” ಎಂದಳು ಆಕೆ.

ಮುಟ್ಟಿ ನೋಡಿದೆ. ಚರಚರ ಎಂದವು. ಮುಂದಿನ ಮನೆಯಲ್ಲಿ ನೀರು ಬಿದ್ದು ತೊಯ್ದ ಹಳೆಯ ಪತ್ರಿಕೆಗಳನ್ನು ಹಸಿ ಬಕೆಟ್ಟಿಗೆ ಹಾಕಿದ್ದರು. ಅದರಾಚೆಯ ಮನೆಯ ಮುದುಕಿ ಬೂಷ್ಟು ಹಿಡಿದ ಕಟಕರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಮಗಾಗಿ ಕಾದು ನಿಂತಿದ್ದಳು. ರೊಟ್ಟಿ ಹಲಗೆಯಂತೆ ಒಣಗಿದೆ, ಆದರೆ ಅನ್ನ-ಸಾರಿನ ಜೊತೆಗೆ ಹೋಗಬೇಕೆಂದು ತನಗೆ ಅನಿಸುತ್ತದೆ, ಯಾವುದು ಖರೆ ಎಂದು ಕೇಳಿದಳು. ಎಲ್ಲಕ್ಕಿಂತ ದೊಡ್ಡ ತಕರಾರು ಬೂದಿಯದು. ಪ್ರತಿ ಮನೆಯಲ್ಲೂ ಕಟ್ಟಿಗೆಯ ಒಲೆ. ಬೂದಿಗಿಂತ ಒಣಗಿದ್ದು ಲೋಕದಲ್ಲಿ ಯಾವುದಿದೆ? ಆದರೆ ಅದು ಹೋಗಬೇಕಾದದ್ದು ಗುಂಡಿಗೆ. ಒಂದು ಮನೆಯವರು ದೇವರ ಪಟವಿದ್ದ ಹಳೆಯ ಕ್ಯಾಲೆಂಡರನ್ನು ಎರಡಕ್ಕೂ ಹಾಕಲೊಲ್ಲದೆ ನನ್ನ ಕೈಗೇ ಕೊಟ್ಟರು. ಅದನ್ನು ಹಿಡಿದುಕೊಂಡೇ ಓಣಿ ಪೂರ್ತಿ ತಿರುಗಿದೆ.

“ಸಾಹೇಬ್ರ, ಬೂದಿ ಹಸೀದೋ ಒಣದೋ? ನನಗರ ಹೇಳ್ರಿ,” ಎಂದು ದುರ್ಗವ್ವ ಗಾಡಿ ನಿಲ್ಲಿಸಿ ಕೇಳಿದಳು.

“ಒಣದು. ಆದ್ರ ಹಸೀದರಾಗ ಹಾಕು,” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಮಾತು ನನಗೂ ತಿಳಿದಿರಲಿಲ್ಲ.

ಒಂದು ವಾರ ಹೀಗೆಯೇ ನಡೆಯಿತು. ಕೊನೆಗೆ ನಾನು ಹಸಿ-ಒಣ ಎಂಬ ಶಬ್ದಗಳನ್ನು ಬಿಟ್ಟುಬಿಡಲು ನಿರ್ಧರಿಸಿದೆ. ಓಣಿಯವರನ್ನು ಬನಶಂಕರಿ ಗುಡಿಯ ಕಟ್ಟೆಗೆ ಕರೆಸಿ ಹೊಸ ನಿಯಮ ಹೇಳಿದೆ: ಯಾವುದು ಮತ್ತೆ ಬಳಕೆಗೆ ಬರುತ್ತದೆಯೋ ಅದು ಬುಟ್ಟಿಗೆ, ಯಾವುದು ಮಣ್ಣಿಗೆ ಹೋಗಿ ಮಣ್ಣಾಗುತ್ತದೆಯೋ ಅದು ಬಕೆಟ್ಟಿಗೆ. ಎಲೆ ಒಣಗಿದರೂ ಮಣ್ಣಿಗೆ. ಪತ್ರಿಕೆ ತೊಯ್ದರೂ ಗುಜರಿಗೆ. ಬೂದಿ ಮಣ್ಣಿಗೆ. ಜನ ತಲೆಯಾಡಿಸಿದರು. ಕಟಕರೊಟ್ಟಿಯ ಮುದುಕಿ, “ಹಿಂಗ ಮೊದಲ ಹೇಳಬಾರದೇನ?” ಎಂದಳು. ಹಳೆಯ ಕರಪತ್ರ ತೆಗೆದು ಈ ನಿಯಮದ ಹೊಸ ಕರಪತ್ರ ಮಾಡಿಸಿದೆ. ಬಾಟಲಿ, ಡಬ್ಬಿ, ಕಾಗದ, ಚಿಂದಿ ಬುಟ್ಟಿಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದೆ.

ಈ ಕೆಲಸದಲ್ಲಿ ನನಗೆ ದೊಡ್ಡ ನೆರವಾದವರು ವಿರೂಪಾಕ್ಷಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಅದೇ ಓಣಿಯಲ್ಲಿದ್ದರು. ಓಣಿಯ ಅರ್ಧಕ್ಕರ್ಧ ಜನ ಅವರ ಶಿಷ್ಯರು. ಯಾವ ವಸ್ತು ಯಾವುದಕ್ಕೆ ಎಂದು ಸಂಶಯ ಬಂದರೆ ಮಾಸ್ತರರನ್ನು ಕೇಳಿ ಎಂದು ನಾನೇ ಎಲ್ಲರೆದುರು ಹೇಳಿದ್ದೆ. ಅವರು ಬೆಳಿಗ್ಗೆ ಸ್ನಾನ ಮುಗಿಸಿ, ಕೈಯಲ್ಲಿ ಕರಪತ್ರ ಹಿಡಿದು ಮನೆಮನೆಯ ಕಟ್ಟೆಗೆ ಹೋಗಿ ಬುಟ್ಟಿ ಬಕೆಟ್ಟು ನೋಡುತ್ತಿದ್ದರು. ತಿಂಗಳೊಳಗೆ ಓಣಿ ಸರಿದಾರಿಗೆ ಬಂತು. ನಾನು ಬರುವುದನ್ನು ಕಡಿಮೆ ಮಾಡಿದೆ. ಧಾರವಾಡದಿಂದ ಮೇಲಧಿಕಾರಿಗಳು ಪ್ರಯೋಗ ನೋಡಲು ಬರುತ್ತಾರೆ ಎಂದು ಚೀಫ್ ಆಫೀಸರು ಖುಷಿಯಿಂದ ಹೇಳಿದರು.

ಶ್ರಾವಣಕ್ಕೆ ಇನ್ನು ಎರಡು ವಾರವಿದ್ದಾಗ ಒಂದು ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಗದ್ದಲ ಕೇಳಿಸಿತು. ಹೊರಗೆ ಬಂದು ನೋಡಿದರೆ ದುರ್ಗವ್ವ. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಸೆರಗು ತೊಯ್ದು ರಕ್ತ ತೊಟ್ಟಿಕ್ಕುತ್ತಿತ್ತು.

ಗಾಡಿಯ ಖಾನೆ ತುಂಬಿ ಬಂದಾಗ ಅಂಗೈಯಿಂದ ಕಸವನ್ನು ಒತ್ತಿ ತಗ್ಗಿಸುವುದು ಅವಳ ರೂಢಿ. ಬೂದಿ, ಎಲೆ, ತರಕಾರಿ ಸಿಪ್ಪೆ. ಒತ್ತಿದರೆ ಮೆತ್ತಗೆ ಇಳಿಯುತ್ತದೆ. ಅಂದು ಒತ್ತಿದಾಗ ಬೂದಿಯೊಳಗಿದ್ದ ಗಾಜು ಅಂಗೈಯನ್ನು ಸೀಳಿತ್ತು. ನಾನು ಅವಳನ್ನು ಊರಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಮಟದಿಂದ ಹಸಿರು ಗಾಜಿನ ತೆಳ್ಳನೆಯ, ತುಸು ಬಾಗಿದ ಚೂರೊಂದನ್ನು ತೆಗೆದು ತಟ್ಟೆಗೆ ಹಾಕಿದರು. ಧನುರ್ವಾಯು ಬರದಂತೆ ಟಿ.ಟಿ. ಇಂಜೆಕ್ಷನ್ ಕೊಟ್ಟರು. ಆಮೇಲೆ ಬೆರಳು ಮಡಚಲು ಹೇಳಿದರು. ಉಂಗುರದ ಬೆರಳು, ಕಿರುಬೆರಳು ಅಲುಗಲಿಲ್ಲ.

“ನರ ಕಡಿದಿರಬೇಕು. ಗದಗಿಗೆ ಕರೆದುಕೊಂಡು ಹೋಗಿ,” ಎಂದರು. ನರ ಎಂದು ಅವರು ನಮಗೆ ತಿಳಿಯಲೆಂದು ಹೇಳಿದ್ದು. ಕಡಿದದ್ದು ಟೆಂಡನ್, ಅಂದರೆ ಬೆರಳನ್ನು ಹಗ್ಗದಂತೆ ಎಳೆದು ಮಡಚುವ ತಂತು.

ಗದಗಿನ ಬಸ್ಸಿನಲ್ಲಿ ದುರ್ಗವ್ವ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದಳು. “ಸಾಹೇಬ್ರ, ನನ್ನ ಕೆಲಸದಿಂದ ತಗಿಯೂದಿಲ್ಲಲ್ಲ? ಎಡಗೈಲೇ ಎತ್ತತೀನಿ ನಾ.” ಇಲ್ಲ ಎಂದೆ. ಹಾಗೆನ್ನುವ ಅಧಿಕಾರ ನನಗಿದೆಯೇ ಇಲ್ಲವೇ ನನಗೇ ಗೊತ್ತಿರಲಿಲ್ಲ. ಅವಳ ನೋವನ್ನು ನೋಡುತ್ತಿದ್ದೆನೋ, ನನ್ನ ಪ್ರಯೋಗ ಹಾಳಾದದ್ದನ್ನು ಯೋಚಿಸುತ್ತಿದ್ದೆನೋ, ಅದೂ ಈಗ ನೆನಪಾಗುವುದಿಲ್ಲ. ತಲೆಯಲ್ಲಿ ಆ ಹಸಿರು ಚೂರು ಮಾತ್ರ ಇತ್ತು. ತೆಳ್ಳಗೆ, ಬಾಗಿದ್ದು, ಹಸಿರು. ಅದು ಬಳೆಯ ಚೂರು ಎಂದು ಶಿರಹಟ್ಟಿ ದಾಟುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ದುರ್ಗವ್ವನನ್ನು ಗದಗಿನ ದವಾಖಾನೆಯಲ್ಲಿ ಸೇರಿಸಿ, ಅವಳ ತಂಗಿಯನ್ನು ಜೊತೆಗೆ ಬಿಟ್ಟು, ಮರುದಿನ ಮಗ್ಗದ ಓಣಿಗೆ ಹೋದೆ. ಮನೆಮನೆಗೆ ನಿಂತು ಕೇಳಿದೆ: “ಬಕೆಟ್ಟಿನ್ಯಾಗ ಬಳಿ ಚೂರು ಹಾಕಿದವರು ಯಾರು?” ಎಲ್ಲರೂ ನಾವಲ್ಲ ಎಂದರು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಯಾರೂ ಸುಳ್ಳು ಹೇಳುವವರಂತೆ ಕಾಣಲಿಲ್ಲ. ಅದೇ ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು. ಮಾಸ್ತರರನ್ನು ಕೇಳೋಣವೆಂದರೆ ಅವರು ಮಗಳ ಬಾಣಂತನವೆಂದು ಹೆಂಡತಿಯ ಜೊತೆ ಡೋಣಿಗೆ ಹೋಗಿ ನಾಲ್ಕು ದಿನವಾಗಿತ್ತು.

ಓಣಿಯ ಕೊನೆಯ ಮನೆ ಹುಸೇನಬಿಯದು. ಗಂಡ ತೀರಿದ ಮೇಲೆ ಅವನ ಬಳೆಯ ವ್ಯಾಪಾರವನ್ನು ತಾನೇ ಮುಂದುವರಿಸಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಉಳಿದ ಹೊತ್ತು ಬಳೆಗಳನ್ನು ಹಗ್ಗದಲ್ಲಿ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುವಳು. ಓಣಿಯಲ್ಲಿ ಬಳೆ ಎಲ್ಲಕ್ಕಿಂತ ಹೆಚ್ಚಾಗಿ ಒಡೆಯುವುದು ಬಳೆ ಮಾರುವವಳ ಮನೆಯಲ್ಲಿ. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕೆನಿಸಲಿಲ್ಲ.

“ಹುಸೇನಬೀ, ಬಳಿ ಚೂರು ಬಕೆಟ್ಟಿಗೆ ಹಾಕೀ ಏನು?”

“ಇಲ್ರಿ ಸಾಹೇಬ್ರ. ಒಡದ ಬಳಿ ನಾ ಹೊರಗ ಒಗ್ಯಾಂಗಿಲ್ರಿ. ಒಳಗ ಬರ್ರಿ, ತೋರಸ್ತೀನಿ.”

“ಒಳಗ ಬಂದು ನೋಡೂದೇನೈತಿ? ದುರ್ಗವ್ವನ ಕೈಯಾಗಿಂದ ಹಸರ ಚೂರು ತಗದಾರ. ಅದು ಎಲ್ಲಿಂದ ಬಂತು ಹಾಂಗಾರ?”

“ಅದು ನನಗೇನ ಗೊತ್ರಿ?” ಎಂದಳು. ನಾನು ಒಳಗೆ ಹೋಗಲಿಲ್ಲ. ಅವಳ ಆ ಉತ್ತರ ಜಾರಿಕೊಳ್ಳುವ ಉತ್ತರದಂತೆ ಕೇಳಿಸಿತು. ಗೊತ್ತಿಲ್ಲದವರು ಇನ್ನೇನು ಹೇಳಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಕೆಲಸಗಾರರಿಗೆ ಗಾಯವಾದರೆ ಅಪಘಾತದ ವರದಿ ಬರೆಯಬೇಕು. ಅದರಲ್ಲಿ ‘ಕಾರಣ’ ಎಂದೊಂದು ಕಲಮು ಇರುತ್ತದೆ. ಚೀಫ್ ಆಫೀಸರು ಆ ಕಲಮಿನ ಮೇಲೆ ಬೆರಳಿಟ್ಟು, “ಇಲ್ಲಿ ಒಂದು ಹೆಸರು ಬೇಕು ನೋಡ್ರಿ. ಮೇಲಿನವರು ಬಂದಾಗ ಕ್ರಮ ತಗೊಂಡೀವಿ ಅಂತ ತೋರಿಸಬೇಕು,” ಎಂದರು. ನಾನು ಹುಸೇನಬಿಯ ಹೆಸರು ಬರೆದೆ. ಪೆನ್ನು ಒಂದು ಗಳಿಗೆ ನಿಂತಿತ್ತು, ಅದು ಖರೆ. ಆದರೆ ಬರೆದೆ. ಮುಂದಿನ ಆದೇಶದವರೆಗೆ ಈ ಮನೆಯ ಕಸ ಸ್ವೀಕರಿಸಲಾಗುವುದಿಲ್ಲ ಎಂಬ ನೋಟೀಸನ್ನು ಅವಳ ಬಾಗಿಲ ಚೌಕಟ್ಟಿಗೆ ಅಂಟಿಸಿಯೂ ಬಂದೆ.

ದುರ್ಗವ್ವನ ಬದಲು ಬಂದ ಕೆಲಸಗಾರ ಗಾಡಿಯನ್ನು ಅರವತ್ತೊಂದು ಮನೆಗಳ ಮುಂದೆ ನಿಲ್ಲಿಸಿ ಅರವತ್ತೆರಡನೆಯದನ್ನು ಬಿಟ್ಟು ತಿರುಗಿಸುತ್ತಿದ್ದ. ಓಣಿಯವರು ಇದನ್ನು ದಿನವೂ ನೋಡುತ್ತಿದ್ದರು. ನಾಗರ ಪಂಚಮಿ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ಕೈತುಂಬ ಹೊಸ ಬಳೆ ಇಡಿಸಿಕೊಳ್ಳುತ್ತಾರೆ. ಬಳೆ ಮಾರುವವರಿಗೆ ವರ್ಷದ ಸುಗ್ಗಿಯೇ ಅದು. ಆ ವರ್ಷ ಮಗ್ಗದ ಓಣಿಯ ಹೆಂಗಸರು ಬಜಾರದ ಅಂಗಡಿಗಳಿಗೆ ಹೋಗತೊಡಗಿದರು. ಹುಸೇನಬಿ ಮಲಾರ ಹೊತ್ತು ಬಂದರೆ ಬಾಗಿಲು ಮುಂದೆ ಮಾಡುತ್ತಿದ್ದರು. ಇದು ನನ್ನ ಕಿವಿಗೆ ಬಿತ್ತು. ಬಿದ್ದರೂ, ತಪ್ಪು ಮಾಡಿದವರಿಗೆ ಇದು ಆಗುವುದೇ ಎಂದುಕೊಂಡೆ.

ನೋಟೀಸು ಅಂಟಿಸಿದ ಒಂಬತ್ತನೆಯ ದಿನ ವಿರೂಪಾಕ್ಷಪ್ಪ ಮಾಸ್ತರರು ಕಚೇರಿಗೆ ಬಂದರು. ಡೋಣಿಯ ಬಸ್ಸಿಳಿದವರು ಮನೆಗೂ ಹೋಗದೆ ನೇರ ಬಂದಿದ್ದರು, ಕೈಯಲ್ಲಿ ಚೀಲವಿತ್ತು. ಬಸ್ಸಿನಲ್ಲಿ ಓಣಿಯವರೊಬ್ಬರು ಸಿಕ್ಕು ಖಬರು ಹೇಳಿದ್ದರಂತೆ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ಇನ್ಸ್‌ಪೆಕ್ಟರ್ರ, ದುರ್ಗವ್ವನ ಕೈಗೆ ಚುಚ್ಚಿದ್ದು ಬಳೀನ ಅಂತ ಹ್ಯಾಂಗ ತಿಳೀತು ನಿಮಗ?”

“ಹಸರ ಚೂರು. ತೆಳ್ಳಗ ಇತ್ತು, ಬಾಗಿತ್ತು.”

“ತಲಿಗೆ ಹಚ್ಚೂ ಎಣ್ಣೀ ಬಾಟ್ಲಿನೂ ಹಸರನ ಇರತೈತಿ,” ಎಂದರು. “ಬಕೆಟ್ಟಿಗೆ ಗಾಜು ಹಾಕಿಸಿದಾಂವ ನಾನ ರೀ.”

ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ ಎಂದೆ.

ಅವರು ಜೇಬಿನಿಂದ ನನ್ನದೇ ಕರಪತ್ರ ತೆಗೆದು, ಶಾಲೆಯಲ್ಲಿ ಪಾಠ ಬಿಡಿಸಿ ಹೇಳುವಂತೆ ಹೇಳಿದರು. ಇಡೀ ಬಾಟಲಿ ಬುಟ್ಟಿಗೆ ಎಂದು ಕರಪತ್ರದಲ್ಲಿದೆ, ಸರಿ. ಒಡೆದ ಬಾಟಲಿ? ಕಂದೀಲಿನ ಒಡೆದ ಚಿಮಣಿ? ಹೆಂಗಸರು ಬಂದು ಕೇಳಿದರು. ಒಡೆದದ್ದು ಮತ್ತೆ ಬಳಕೆಗೆ ಬರುವುದಿಲ್ಲ, ಗುಜರಿಯವನೂ ಮುಟ್ಟುವುದಿಲ್ಲ. ಅಂದ ಮೇಲೆ ಬುಟ್ಟಿಗೆ ಅಲ್ಲ. ಉಳಿದದ್ದು ಬಕೆಟ್ಟು. ಗಾಜು ಆಗುವುದು ಉಸುಕಿನಿಂದ, ಉಸುಕು ಮಣ್ಣಿನದು, ಹೀಗಾಗಿ ಮಣ್ಣಿಗೆ ಹೋಗತಕ್ಕದ್ದು. ಮಕ್ಕಳ ಕೈಗೆ ಸಿಗಬಾರದೆಂದು ಕಲ್ಲಿನಿಂದ ಕುಟ್ಟಿ ಸಣ್ಣ ಮಾಡಿ, ಬೂದಿಯ ಕೆಳಗೆ ಮುಚ್ಚಿ ಇಡಿ ಎಂದು ಅವರೇ ಹೇಳಿಕೊಟ್ಟಿದ್ದರು. ಏಳೆಂಟು ಮನೆಯವರು ಹಾಗೆಯೇ ಮಾಡುತ್ತಿದ್ದರು.

“ಮತ್ತ ನಾ ಮನಿಮನಿಗೆ ಹೋಗಿ ಕೇಳಿದಾಗ ಅವರು ಯಾಕ ಹೇಳಲಿಲ್ಲ?” ಎಂದೆ. ನನ್ನ ದನಿ ಏರಿತ್ತು.

“ನೀವು ಬಳಿ ಹಾಕೀರೇನು ಅಂತ ಕೇಳಿದ್ರಂತ. ಬಳಿ ಯಾರೂ ಹಾಕಿಲ್ಲ. ಖರೇನ ಹೇಳ್ಯಾರ.”

ನಾನು ಕರಪತ್ರವನ್ನು ತೆಗೆದುಕೊಂಡು ಓದಿದೆ. ನಾನು ಬರೆದದ್ದು, ನಾನೇ ಪ್ರೂಫು ತಿದ್ದಿದ್ದು. ಅದರಲ್ಲಿದ್ದ ಬುಟ್ಟಿ, ಬಕೆಟ್ಟು ಎರಡರಲ್ಲಿ ಯಾವುದಕ್ಕೂ ಒಡೆದ ಗಾಜು ಸೇರುತ್ತಿರಲಿಲ್ಲ. ಹಸಿ-ಒಣ ಎಂಬ ಮೊದಲಿನ ನಿಯಮವೇ ಇದ್ದಿದ್ದರೆ ಅದು ಒಣದಕ್ಕೆ ಹೋಗಿ ದುರ್ಗವ್ವನ ಕಣ್ಣಿಗೆ ಬೀಳುತ್ತಿತ್ತು. ಜನರ ಗೊಂದಲ ಬಿಡಿಸಲು ನಾನು ಮಾಡಿದ ತಿದ್ದುಪಡಿಯೇ ಅದನ್ನು ಬೂದಿಯ ಕೆಳಗೆ ಅಡಗಿಸಿತ್ತು. ಇದೆಲ್ಲ ಶುರುವಾದದ್ದು ರೈತರ ಗೊಬ್ಬರದಲ್ಲಿ ಗಾಜು ಬಾರದಿರಲಿ ಎಂದು. ಅದನ್ನು ಓಣಿಯಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ. ಮಾಸ್ತರರಿಗೂ ಹೇಳಿರಲಿಲ್ಲ. ನಾನು ಹೇಳಿದಾಗ ಅವರು ಚೀಲವನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತರು.

“ಇದೊಂದ ಮಾತು ಮೊದಲ ಹೇಳಿದ್ರ ಸಾಕಿತ್ತಲ್ರಿ,” ಎಂದರು. “ಈಗ ಆ ಹುಸೇನಬಿಗೆ ಹ್ಯಾಂಗ ಮಾರಿ ತೋರಸೂದು ನಾವು?”

ಇಬ್ಬರೂ ಕೂಡಿಯೇ ಅವಳ ಮನೆಗೆ ಹೋದೆವು. ನಾನು ನೋಟೀಸನ್ನು ಕೈಯಾರೆ ಕಿತ್ತೆ. ಅರ್ಧ ಬಂತು, ಅರ್ಧ ಚೌಕಟ್ಟಿನಲ್ಲಿಯೇ ಉಳಿಯಿತು. ಉಗುರಿನಿಂದ ಕೆರೆಯುತ್ತ ನಿಂತಿದ್ದಾಗ ಹುಸೇನಬಿ ಒಳಗಿನಿಂದ ಒದ್ದೆ ಬಟ್ಟೆ ತಂದು ಕೊಟ್ಟಳು. ತಪ್ಪಾಯಿತು ಎಂದೆ. ಮಾಸ್ತರರು ತಮ್ಮದು ಎಂದರು. ಅವಳು, “ಈಗರ ಒಳಗ ಬರ್ರಿ,” ಎಂದಳು.

ಗೋಡೆಗೂಡಿನಲ್ಲಿ ಮುಚ್ಚಳವಿದ್ದ ದೊಡ್ಡ ವನಸ್ಪತಿ ಡಬ್ಬಿಗಳು ಮೂರಿದ್ದವು. ಒಂದರ ಮುಚ್ಚಳ ತೆಗೆದಳು. ಕೆಂಪು, ಹಸಿರು, ಹಳದಿ, ನೀಲಿ ಚೂರುಗಳು ತುಂಬಿದ್ದವು. ಬಳೆಗಳ ಪೆಟ್ಟಿಗೆ ತರುವ ಸಗಟು ವ್ಯಾಪಾರಿ ವರ್ಷಕ್ಕೊಮ್ಮೆ ಈ ಚೂರುಗಳನ್ನು ತೂಗಿ ಒಯ್ಯುತ್ತಾನೆ, ಅವನ್ನು ಕರಗಿಸಿ ಮತ್ತೆ ಬಳೆ ಮಾಡುತ್ತಾರೆ ಎಂದು ವಿವರಿಸಿದಳು.

“ನಮ್ಮ ಮಾವನ ಕಾಲದಿಂದ ಹಿಂಗನ ಇಡ್ತೀವ್ರಿ. ಒಡದ ಬಳಿ ಹಾದ್ಯಾಗ ಬಿದ್ದರ ಬರಿಗಾಲಿನ್ಯಾಗ ನಡಿಯೋರ ಗತಿ ಏನು? ಅವತ್ತ ನೀವು ‘ಎಲ್ಲಿಡ್ತಿ’ ಅಂತ ಕೇಳಿದ್ರ ತೋರಸತಿದ್ದೆ. ನೀವು ‘ಹಾಕೀ ಏನು’ ಅಂತ ಕೇಳಿದ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದು ಸಂಜೆ ಗುಡಿಯ ಕಟ್ಟೆಯಲ್ಲಿ ಓಣಿಯವರನ್ನು ಮತ್ತೆ ಸೇರಿಸಿದೆ. ಡೋಣಿಯ ರೈತನ ಎತ್ತಿನ ವಿಷಯವನ್ನು ಹೇಳಿದೆ. ಕರಪತ್ರದ ತಪ್ಪು ನನ್ನದು, ಹುಸೇನಬಿಯದು ಏನೂ ತಪ್ಪಿಲ್ಲ ಎಂದೆ. ಇನ್ನು ಮೇಲೆ ಒಡೆದ ಗಾಜು ಬುಟ್ಟಿಗೂ ಅಲ್ಲ, ಬಕೆಟ್ಟಿಗೂ ಅಲ್ಲ. ಹುಸೇನಬಿಯ ಮನೆಯಲ್ಲಿರುವಂತೆ ಪ್ರತಿ ಮನೆಯಲ್ಲೂ ಮುಚ್ಚಳದ ಡಬ್ಬಿಯೊಂದಿರಲಿ, ವಾರಕ್ಕೊಮ್ಮೆ ಬೇರೆಯಾಗಿ ಒಯ್ಯುತ್ತೇವೆ ಎಂದೆ. ಜನ ಕೇಳಿಸಿಕೊಂಡರು. ಗಾಜು ಕುಟ್ಟಿ ಹಾಕಿದ್ದ ಹೆಂಗಸರು ತಲೆ ತಗ್ಗಿಸಿದರು. ಇಬ್ಬರು ಅತ್ತರು. ಆದರೆ ಮರುದಿನವೂ, ಅದರ ಮರುದಿನವೂ ಹುಸೇನಬಿಯ ಅಂಗಡಿಗೆ ಯಾರೂ ಹೋಗಲಿಲ್ಲ. ಮೊದಲು ಸಿಟ್ಟಿನಿಂದ ಹೋಗಿರಲಿಲ್ಲ, ಈಗ ನಾಚಿಕೆಯಿಂದ. ಅಂಟಿಸಿದ ನೋಟೀಸನ್ನು ಕೀಳಬಹುದು. ಇದನ್ನು ಹೇಗೆ ತೆಗೆಯಬೇಕೋ ನನಗೆ ತಿಳಿಯಲಿಲ್ಲ. ಕಚೇರಿಯ ಯಾವ ಫಾರ್ಮಿನಲ್ಲೂ ಅದಕ್ಕೆ ದಾರಿ ಇರಲಿಲ್ಲ.

ಪಂಚಮಿಗೆ ಮೂರು ದಿನವಿದ್ದಾಗ ದುರ್ಗವ್ವ ಗದಗಿನಿಂದ ಮರಳಿದಳು. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಎರಡು ಬೆರಳು ಮುಂದೆಯೂ ಪೂರ್ತಿ ಮಡಚಲಾರವು ಎಂದು ಡಾಕ್ಟರು ಹೇಳಿದ್ದರು. ಕೆಲಸ ಹೋಗಿಲ್ಲ ಎಂದು ತಿಳಿಸಲು, ನಡೆದದ್ದನ್ನೆಲ್ಲ ಹೇಳಲು ನಾನು ಅವಳ ಗುಡಿಸಲಿಗೆ ಹೋದೆ. ಕರಪತ್ರ, ಮಾಸ್ತರರು, ಎಣ್ಣೆಯ ಬಾಟಲಿ, ಹುಸೇನಬಿ.

“ಹಾಂಗಾರ ನನ್ನ ಕೈ ಕೊಯ್ದವರು ಯಾರ್ರಿ ಸಾಹೇಬ್ರ?” ಎಂದು ಕೊನೆಗೆ ಕೇಳಿದಳು.

“ನಾನ,” ಎಂದೆ. ಅವಳು ತಲೆ ಅಲ್ಲಾಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಕೇಳಿದಳು, “ಆಕೀ ಅಂಗಡಿಗೆ ಯಾರೂ ಹೋಗವಲ್ರಂತ, ಖರೇನ?”

ಮರುದಿನ ಬೆಳಿಗ್ಗೆ ನಾನು ಮಗ್ಗದ ಓಣಿಯಲ್ಲಿ ಗಟಾರಿನ ಕೆಲಸ ನೋಡುತ್ತಿದ್ದೆ. ದುರ್ಗವ್ವ ಹಸಿರು ಇಳಕಲ್ ಸೀರೆ ಉಟ್ಟು ಓಣಿಯ ತಲೆಯಿಂದ ಬಂದಳು. ಗಾಡಿ ಇಲ್ಲದೆ ಅವಳು ಆ ಓಣಿಯಲ್ಲಿ ನಡೆದದ್ದನ್ನು ನಾನು ನೋಡಿರಲಿಲ್ಲ. ಕಟ್ಟೆಯ ಮೇಲಿದ್ದ ಹೆಂಗಸರು, “ದುರ್ಗವ್ವಾ, ಕೈ ಹ್ಯಾಂಗೈತಿ?” ಎಂದು ಕೇಳಿದರು. “ಐತಿ,” ಎನ್ನುತ್ತ ನಿಲ್ಲದೆ ನಡೆದಳು. ಕೊನೆಯ ಮನೆಯ ಮುಂದೆ ನಿಂತು, ಇಡೀ ಓಣಿಗೆ ಕೇಳುವಂತೆ ಕರೆದಳು.

“ಹುಸೇನಬಕ್ಕಾ, ಪಂಚಮಿ ಬಂತು. ನನಗ ಬಳಿ ಇಡಸು.”

ಹುಸೇನಬಿ ಹೊರಗೆ ಬಂದು ಅವಳ ಬ್ಯಾಂಡೇಜನ್ನು ನೋಡಿದಳು. ಕಸ ಎತ್ತುವವಳು ಬಂದರೆ ಆ ಕಾಲದಲ್ಲಿ ಮೈ ಮುಟ್ಟದೆ ಬಳೆಯನ್ನು ದೂರದಿಂದ ಅಂಗೈಗೆ ಹಾಕಿ ಕಳಿಸುವವರೇ ಹೆಚ್ಚು. ಹುಸೇನಬಿ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದಳು. ತಾನು ಎದುರಿಗೆ ಕುಳಿತು ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಮೆಲ್ಲಗೆ ಒತ್ತಿ ಕೂಡಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದಳು.

“ಬಲಗೈದು?” ಎಂದು ಕೇಳಿದಳು.

“ಅದು ಬಿಚ್ಚಿದ ಮ್ಯಾಲ ಬರತೀನಿ. ಅಳತಿ ತಗದಿಡು,” ಎಂದಳು ದುರ್ಗವ್ವ.

ಎದುರು ಮನೆಯ ಕಟ್ಟೆಯಿಂದ ಕಟಕರೊಟ್ಟಿಯ ಮುದುಕಿ ಎದ್ದು, ಸೊಸೆಯನ್ನು ಕೈಹಿಡಿದು ಎಳೆದುಕೊಂಡು ಬಂದಳು. ಅವಳ ಹಿಂದೆ ಮತ್ತಿಬ್ಬರು ಬಂದರು. ನಾನು ಗಟಾರಿನ ಕಡೆ ಮುಖ ತಿರುಗಿಸಿಕೊಂಡೆ. ಇನ್‌ಸ್ಪೆಕ್ಷನ್ನಿಗೆ ಬಂದವನು ಓಣಿಯಲ್ಲಿ ಅಳುವುದು ಸರಿಯಲ್ಲ.

ಅಪಘಾತದ ವರದಿಯನ್ನು ನಾನು ಬದಲಿಸಿ ಬರೆದೆ. ‘ಕಾರಣ’ದ ಕಲಮಿನಲ್ಲಿ, ಕರಪತ್ರದಲ್ಲಿ ಒಡೆದ ಗಾಜಿನ ಬಗ್ಗೆ ಸೂಚನೆ ಇರಲಿಲ್ಲ, ಕರಪತ್ರ ಬರೆದವರು ಕೆಳಗೆ ಸಹಿ ಮಾಡಿದವರು ಎಂದು ಬರೆದು ಸಹಿ ಹಾಕಿದೆ. ಚೀಫ್ ಆಫೀಸರು ಅದನ್ನು ಎರಡು ಸಲ ಓದಿ, “ಹಿಂಗೂ ಬರೀತಾರೇನ್ರಿ ಯಾರರ?” ಎಂದರು. ನನಗೊಂದು ಮೆಮೋ ಬಂತು. ಮೇಲಧಿಕಾರಿಗಳು ಬಂದು ನೋಡಿ, ಮೂರನೆಯ ಡಬ್ಬಿ ಯಾಕೆ ಎಂದು ಕೇಳಿದರು. ದುರ್ಗವ್ವ ಮುಂದೆ ಬಂದು ಕೈ ತೋರಿಸಿದಳು. ಮುಂದೆ ಅವಳು ಅದೇ ಓಣಿಯಲ್ಲಿ ಅದೇ ಕೆಲಸ ಮಾಡಿದಳು. ಒತ್ತುವುದಕ್ಕೆ ಮರದ ಹಿಡಿಕೆಯ ಹಲಗೆ ಮಾಡಿಸಿಕೊಟ್ಟೆವು. ಅದು ಮೊದಲೇ ಇರಬೇಕಾಗಿತ್ತು ಎಂಬುದೂ ಆಮೇಲೆ ಹೊಳೆದ ಮಾತು.

ಆ ಗಾಯಕ್ಕೆ ನಿಜವಾದ ಕಾರಣ ಯಾರು ಎಂದು ದುರ್ಗವ್ವ ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ಪೂರ್ತಿ ಬಿಡಿಸಲಾರೆ. ಶ್ರದ್ಧೆಯಿಂದ ನಿಯಮ ಪಾಲಿಸಿದ ಹೆಂಗಸರೇ, ತರ್ಕ ತಪ್ಪದೆ ಪಾಠ ಹೇಳಿದ ಮಾಸ್ತರರೇ, ಒಳ್ಳೆಯದಾಗಲೆಂದು ನಿಯಮ ತಿದ್ದಿದ ನಾನೇ? ನನ್ನ ಹೆಸರು ಬರೆದದ್ದು ಪೂರ್ತಿ ಖಚಿತವಾಗಿ ಅಲ್ಲ. ಬೇರೆ ಯಾರ ಹೆಸರನ್ನೂ ಬರೆಯಲಾರೆ ಎಂಬುದು ಮಾತ್ರ ಖಚಿತವಾಗಿತ್ತು. ಆದರೆ ಕೆಲಸ ಒಂದನ್ನು ಕಲಿಸಿತು. ಮುಂದೆ ನಿವೃತ್ತಿಯವರೆಗೆ ಯಾವ ಊರಿನಲ್ಲಿ ಯಾವ ಸೂಚನೆ ಬರೆದರೂ ಅಚ್ಚಿಗೆ ಕಳಿಸುವ ಮೊದಲು ಅದನ್ನು ಕೈಯಿಂದ ಕೆಲಸ ಮಾಡುವವರಿಗೆ ಓದಿ ಹೇಳುತ್ತಿದ್ದೆ. ಸರಿ ಇದೆಯೇ ಎಂದು ಕೇಳುತ್ತಿರಲಿಲ್ಲ. ಸಾಹೇಬರೆದುರು ಎಲ್ಲರೂ ಸರಿ ಎನ್ನುತ್ತಾರೆ. “ಇದರಾಗ ಯಾವುದಕ್ಕ ಜಾಗಾ ಇಲ್ಲ, ಹೇಳ್ರಿ,” ಎನ್ನುತ್ತಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು. ಆಮೇಲೆ ಯಾರಾದರೊಬ್ಬರು ಹಿಂದಿನಿಂದ ಕೈ ಎತ್ತುತ್ತಿದ್ದರು. ಯಾರೂ ಕೈ ಎತ್ತದ ದಿನ ನನ್ನ ಸೇವೆಯಲ್ಲಿ ಒಂದೂ ಬರಲಿಲ್ಲ.